‘ಬೀ’: ಇಂಗ್ಲಿಷಿನ ಸತ್ತಾರ್ಥಕ ಕ್ರಿಯಾಪದ

ಬೀ: ಇಂಗ್ಲಿಷ್ ಭಾಷೆಯಲ್ಲಿ ಇರುವಿಕೆಯನ್ನು ಹೇಳುವ, ಕರ್ತೃಪದವನ್ನು ಆಖ್ಯಾತದೊಡನೆ ಕೂಡಿಸುವ, ಇತರ ಕ್ರಿಯಾಪದಗಳ ಜೊತೆಗೆ ನಿಂತು ಅವುಗಳ ಕಾಲಭೇದ ಪ್ರಯೋಗಭೇದಗಳನ್ನು ತೋರಿಸುವ ಕ್ರಿಯಾಪದ. ಇದರ ಎಲ್ಲ ರೂಪಗಳನ್ನೂ ಒಟ್ಟುಗೂಡಿಸಿ ಎಣಿಸಿದರೆ, ‘ದ’ ಎಂಬ ನಿರ್ದೇಶಕವೊಂದನ್ನು ಬಿಟ್ಟು, ಆ ಭಾಷೆಯಲ್ಲಿ ಇಷ್ಟು ಹೆಚ್ಚಾಗಿ ಬಳಕೆಯಾಗುವ ಶಬ್ದ ಬೇರೊಂದಿಲ್ಲವೆಂದು ಆಧುನಿಕ ಪದಗಣನೆಗಳಿಂದ ತಿಳಿದುಬಂದಿದೆ. ಆ್ಯಮ್, ಇಸ್, ಆರ್, ವಾಸ್, ವರ್, ಬೀ, ಬೀಯಿಂಗ್, ಬೀನ್ ಎಂಬ ಎಂಟು ರೂಪಗಳನ್ನು ಗಿಣಿಪಾಠವಾಗಿ ಒಪ್ಪಿಸಿ ಮುಂದಕ್ಕೆ ಸಾಗುವ ನಮ್ಮ ವಿದ್ಯಾರ್ಥಿಗೆ, ಒಂದೇ ಕ್ರಿಯಾಪದದ ರೂಪಗಳೆಂದು ಹೇಳಲಾಗುವ ಇವುಗಳಲ್ಲಿ ಹಲವಕ್ಕೆ ಪರಸ್ಪರ ಅಕ್ಷರಸಾಮ್ಯವೇ ಇಲ್ಲದಿರುವುದು ಏಕೆಂಬ ಪ್ರಶ್ನೆ ಹುಟ್ಟುವುದು ಅಪರೂಪ. ಹುಟ್ಟಿದರೆ ಅದರ ಉತ್ತರದ ಬಹುಭಾಗ ಅವನ ಸಂಸ್ಕೃತ ಪಾಠದಲ್ಲಿಯೇ ದೊರೆಯುವುದು. ಏಕೆಂದರೆ ಇದು ನಿಜವಾಗಿ ಒಂದು ಕ್ರಿಯಾಪದವಲ್ಲ. ನಾವು ಅಸ್, ಭೂ, ವಸ್ ಎಂದು ಬಲ್ಲ ಮೂರು ಧಾತುಗಳ ಸಜಾತೀಯಗಳು, ಒಂದೊಂದೂ ತನ್ನ ಕೆಲವು ರೂಪಗಳನ್ನು ಕಳೆದುಕೊಂಡು ಉಳಿದವನ್ನು ಉಳಿಸಿಕೊಂಡು, ಕಾಲಕ್ರಮದಲ್ಲಿ ಒಂದಾದ ಸಮುದಾಯ.

ಸಜಾತೀಯವೆಂಬ ಮಾತನ್ನು ಇಲ್ಲಿ ಎಚ್ಚರಿಕೆಯಿಂದ ತಿಳಿಯಬೇಕು. ಇಂಗ್ಲಿಷ್ ಸಂಸ್ಕೃತದಿಂದ ಹುಟ್ಟಿತೆಂದು ಅಭಿಮಾನಪಡುವವರು ನಮ್ಮಲ್ಲಿ ಈಗಲೂ ಇಲ್ಲದಿಲ್ಲ. 1786ರ ಫೆಬ್ರವರಿಯಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಸಭೆಯಲ್ಲಿ ಸರ್ ವಿಲಿಯಂ ಜೋನ್ಸ್ ಸೂಚಿಸಿದುದು, ಸಂಸ್ಕೃತ ಗ್ರೀಕ್ ಲ್ಯಾಟಿನ್ ಭಾಷೆಗಳು ಈಗ ಬಹುಶಃ ಉಳಿದಿರದ ಒಂದು ಮೂಲಭಾಷೆಯಿಂದ ಕವಲೊಡೆದಿರಬೇಕೆಂದೇ ಹೊರತು ಒಂದು ಇನ್ನೊಂದರ ಜನನಿಯೆಂದಲ್ಲ. ಗಾಥಿಕ್ ಮೊದಲಾದ ಜರ್ಮ್ಯಾನಿಕ್ ನುಡಿಗಳನ್ನೂ ಅವನು ಅದೇ ಕುಟುಂಬಕ್ಕೆ ಸೇರಿಸಲು ಒಲಿದಿದ್ದನು. ಇಂಗ್ಲಿಷ್ ಈ ಜರ್ಮ್ಯಾನಿಕ್ ಕವಲಿಗೆ ಸೇರಿದ ನುಡಿ.

ಮೂರು ಧಾತುಗಳಲ್ಲಿ ಮೊದಲನೆಯದು, ಶುದ್ಧವಾದ ಇರುವಿಕೆಯನ್ನು ಹೇಳುವ ‘ಅಸ್’. ಸಂಸ್ಕೃತದ ಅಸ್ಮಿ, ಅಸ್ತಿ, ಸಂತಿ ಎಂಬ ರೂಪಗಳಿಗೆ ಲ್ಯಾಟಿನ್ನಿನಲ್ಲಿ ಸುಮ್, ಎಸ್ಟ್, ಸುಂಟ್ ಎಂಬುವೂ, ಗ್ರೀಕಿನಲ್ಲಿ ಏಕವಚನಕ್ಕೆ ಎಯ್ಮಿ, ಎಸ್ತಿ ಎಂಬುವೂ ಸಮಾನವಾಗಿರುವುವು. ಪ್ರಾಚೀನ ಇಂಗ್ಲಿಷಿನಲ್ಲಿ ಇವು ಎಓಮ್, ಇಸ್, ಸಿಂಡನ್ ಎಂದಾದುವು. ‘ಅಸ್ತಿ’ಯ ತಕಾರ ಗಾಥಿಕ್ ಮತ್ತು ಜರ್ಮನ್ ಭಾಷೆಗಳ ‘ಇಸ್ಟ್’ನಲ್ಲಿ ಉಳಿದು, ಇಂಗ್ಲಿಷಿನಲ್ಲಿ ಬಿದ್ದುಹೋಯಿತು. ‘ಸಂತಿ’ಯ ಪ್ರತಿರೂಪವಾದ ‘ಸಿಂಡನ್’ ಜರ್ಮನಿನಲ್ಲಿ ‘ಜಿಂಟ್’ ಎಂದು ಇಂದಿಗೂ ಜೀವಂತವಾಗಿರಲು, ಇಂಗ್ಲಿಷಿನಲ್ಲಿ ನಾರ್ಮನರು ಬಂದ ಬಳಿಕ ಒಂದೆರಡು ಶತಮಾನಗಳಲ್ಲಿ ನಶಿಸಿತು. ಆದರೆ ಈ ಗುಂಪಿನಲ್ಲಿ ಅತ್ಯಂತ ಕುತೂಹಲಕರವಾದುದು ‘ಆ್ಯಮ್’ ಎಂಬ ಅಲ್ಪರೂಪ. ಅದರ ಕೊನೆಯ ಮಕಾರ ಧಾತುವಿನದಲ್ಲ. ಅಸ್ಮಿ, ಭವಾಮಿ, ದದಾಮಿ ಎಂಬಲ್ಲಿ ಕಾಣುವ ಉತ್ತಮಪುರುಷ ಏಕವಚನದ ‘ಮಿ’ ಪ್ರತ್ಯಯದ ಅವಶೇಷ. ಇಂಗ್ಲಿಷಿನ ಸಹಸ್ರಾರು ಕ್ರಿಯಾಪದಗಳಲ್ಲಿ ಈ ಪ್ರತ್ಯಯ ಉಳಿದುಬಂದಿರುವುದು ಇದೊಂದರಲ್ಲಿಯೇ. ಧಾತುವಿನ ಸಕಾರ ಸವೆದುಹೋಗಿ ಪ್ರತ್ಯಯ ಮಾತ್ರ ನಿಂತಿತು. ಪಾಲಿಯಲ್ಲಿ ‘ಅಸ್ಮಿ’ಯ ಪಕ್ಕದಲ್ಲಿಯೇ ‘ಅಮ್ಹಿ’ ಎಂಬ ರೂಪ ಬಳಕೆಯಾದುದನ್ನು ಬಲ್ಲವರಿಗೆ ಈ ಸವಕಳಿ ಅಪರಿಚಿತವೆನಿಸದು.

ಈ ಧಾತುವಿನ ವರ್ತಮಾನ ಕೃದಂತ ‘ಸತ್’, ಎಂದರೆ ಇರುವಂಥದು, ಅದರಿಂದ ‘ಸತ್ಯ’. ಇರುವುದೇ ನಿಜವೆಂಬ ಈ ಭಾವನೆ ಭಾರತದ ದಾರ್ಶನಿಕರ ಸ್ವತ್ತೆಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಆದರೆ ಇಂಗ್ಲಿಷಿನಲ್ಲಿ ಸತ್ಯವೆಂಬ ಅರ್ಥವುಳ್ಳ ಹಳೆಯ ಶಬ್ದವಾದ ‘ಸೂತ್’ ಎಂಬುದೂ ಇದೇ ಕೃದಂತದಿಂದ ಬಂದುದು. ಭವಿಷ್ಯ ನುಡಿಯುವವನಿಗೆ ‘ಸೂತ್‌ಸೇಯರ್’ ಎಂಬ ಹೆಸರು ಬಂದುದು ಅವನು ಸತ್ಯವಾದಿಯೆಂಬ ನಂಬಿಕೆಯಿಂದ. ಸಾಂತ್ವನಗೊಳಿಸು ಎಂಬ ಅರ್ಥದಲ್ಲಿ ಇಂದು ಬಳಸುವ ‘ಸೂದ್’ ಎಂಬ ಕ್ರಿಯೆಗೂ ನಿಜವೆಂದು ಸಮರ್ಥಿಸು ಎಂಬುದೇ ಮೊದಲರ್ಥ. ಹೇಳಿದುದಕ್ಕೆಲ್ಲ ಹೌದೆನ್ನುತ್ತ ಹೋಗುವುದು ಸಮಾಧಾನಪಡಿಸುವ ಉಪಾಯವಾಗಿ, ಅರ್ಥ ಹೀಗೆ ತಿರುಗಿತು. ಅಂಗೀಕಾರಸೂಚಕವಾದ ‘ಎಸ್’ ಎಂಬ ಮಾತಿನಲ್ಲಿಯೂ ಇದೇ ಧಾತುವಿನ ವಿಧ್ಯರ್ಥರೂಪ, ‘ಹಾಗಾಗಲಿ’ ಎಂಬರ್ಥದಲ್ಲಿ, ಹುದುಗಿರಬೇಕೆಂದು ನಿರುಕ್ತಿಕಾರರು ಊಹಿಸುತ್ತಾರೆ.

ಎರಡನೆಯದು ‘ಭೂ’. ಮೂಲಭಾಷೆಯ ಭಕಾರ ಜರ್ಮ್ಯಾನಿಕ್ ನುಡಿಗಳಲ್ಲಿ ಬಕಾರವಾಗುವುದೆಂಬುದು 1822ರಲ್ಲಿ ಯಾಕೋಬ್ ಗ್ರಿಮ್ ವ್ಯವಸ್ಥಿತವಾಗಿ ನಿರೂಪಿಸಿದ ಧ್ವನಿನಿಯಮದ ಒಂದಂಶ; ‘ಭ್ರಾತೃ’ವಿಗೆ ‘ಬ್ರದರ್’ ಇರುವಂತೆಯೇ ‘ಭೂ’ವಿಗೆ ‘ಬೀ’. ಇದರ ಆದಿಮ ಅರ್ಥ ಇರುವುದಲ್ಲ, ಬೆಳೆಯುವುದು, ಆಗುವುದು. ಗ್ರೀಕರು ಈ ಧಾತುವಿನಿಂದ ಗಿಡಕ್ಕೆ ‘ಫುಟಾನ್’ ಎಂದೂ ಪ್ರಕೃತಿಗೆ ‘ಫುಸಿಸ್’ ಎಂದೂ ಹೆಸರಿಟ್ಟರು; ‘ಫಿಸಿಕ್ಸ್’ ಎಂಬ ಶಾಸ್ತ್ರನಾಮ ಅದರಿಂದ ಬಂದುದು. ಲ್ಯಾಟಿನ್ನಿನ ‘ಫುಟೂರುಸ್’, ಆಗಲಿರುವುದು, ಇಂಗ್ಲಿಷಿನ ‘ಫ್ಯೂಚರ್’ ಆಯಿತು. ಬೆಳೆದು ನೆಲೆಗೊಂಡುದು ವಾಸಸ್ಥಾನವೂ ಆಗುವುದರಿಂದ ನಮ್ಮಲ್ಲಿ ಭೂಮಿ, ಭುವನ, ಭವನ ಎಂಬ ಶಬ್ದಗಳು ಹುಟ್ಟಿದುವು; ಜರ್ಮ್ಯಾನಿಕ್ ಕವಲಿನಲ್ಲಿಯೂ ಇದೇ ದಾರಿಯಲ್ಲಿ ನಡೆದು, ಹತ್ತಿರ ವಾಸಿಸುವವನು ‘ನೇಬರ್’ ಎಂದೂ, ಮನೆಯಲ್ಲಿ ನೆಲೆಸಿದ ಯಜಮಾನ, ನಾರ್ಸ್ ಭಾಷೆಯ ಮೂಲಕ, ‘ಹಸ್ಬೆಂಡ್’ ಎಂದೂ ಕರೆಯಲ್ಪಟ್ಟರು.

ಮೂರನೆಯದು ‘ವಸ್’, ತಂಗುವುದು, ವಾಸಮಾಡುವುದು. ವಸತಿ, ನಿವಾಸ, ವಾಸ್ತು ಎಂಬ ಶಬ್ದಗಳಲ್ಲಿ ನಾವು ದಿನವೂ ಬಳಸುವ ಈ ಧಾತು ಪ್ರಾಚೀನ ಇಂಗ್ಲಿಷಿನಲ್ಲಿ ‘ವೆಸನ್’ ಎಂದಿದ್ದು, ತನ್ನ ವರ್ತಮಾನರೂಪಗಳನ್ನು ಕಾಲಾಂತರದಲ್ಲಿ ನೀಗಿಕೊಂಡು, ಭೂತಕಾಲದ ‘ವಾಸ್’, ‘ವರ್’ ಎಂಬ ಎರಡನ್ನು ಮಾತ್ರ ಉಳಿಸಿಕೊಂಡಿತು. ಏಕವಚನದಲ್ಲಿ ಸಕಾರ, ಬಹುವಚನದಲ್ಲಿ ರಕಾರ, ಇದೇಕೆ? ಉತ್ತರ ಕೊಟ್ಟವನು ಕಾರ್ಲ್ ವೆರ್ನರ್ ಎಂಬ ಡೇನ್ ವಿದ್ವಾಂಸ. 1870ರ ದಶಕದಲ್ಲಿ ಅವನು ಪ್ರಕಟಿಸಿದ ಲೇಖನಕ್ಕೆ ಆಧಾರವಾದುದು ವೈದಿಕ ಸ್ವರ. ಸಂಸ್ಕೃತದ ಪರೋಕ್ಷಭೂತದಲ್ಲಿ ‘ಉವಾಸ’ ಎಂಬ ಏಕವಚನಕ್ಕೆ ಧಾತುವಿನ ಮೇಲೆಯೂ, ‘ಊಷುಃ’ ಎಂಬ ಬಹುವಚನಕ್ಕೆ ಪ್ರತ್ಯಯದ ಮೇಲೆಯೂ ಉದಾತ್ತಸ್ವರ ಬೀಳುವುದು. ಮೂಲಭಾಷೆಯಲ್ಲಿಯೂ ಹೀಗೆಯೇ ಇದ್ದು, ಸ್ವರ ಧಾತುವಿನ ಮೇಲಿದ್ದೆಡೆ ಸಕಾರ ಸಕಾರವಾಗಿಯೇ ನಿಂತಿತೆಂದೂ, ಮುಂದಿನ ಅಕ್ಷರಕ್ಕೆ ಸರಿದೆಡೆ ಅದು ಘೋಷಧ್ವನಿಯಾಗಿ ಬಳಿಕ ರಕಾರವಾಯಿತೆಂದೂ ಅವನು ತೋರಿಸಿದನು. ಜರ್ಮ್ಯಾನಿಕ್ ನುಡಿಗಳಲ್ಲಿ ಆ ಸಂಚಾರಿ ಸ್ವರ ಎಂದೋ ಅಳಿದು, ಆಘಾತ ಮೊದಲಕ್ಷರದ ಮೇಲೆ ಸ್ಥಿರವಾಗಿಬಿಟ್ಟಿದೆ. ‘ವಾಸ್’ ‘ವರ್’ ಎಂದು ಆಡುವ ಲಂಡನ್ನಿನ ಅಂಗಡಿಯವನು, ನಮ್ಮ ವೇದಪಾಠಕರು ಕೈಯಾಡಿಸಿ ಕಾಪಾಡಿಕೊಂಡು ಬಂದ ಉದಾತ್ತ ಅನುದಾತ್ತಗಳ ಗುರುತನ್ನು, ತನಗರಿಯದೆಯೇ, ಎರಡು ವ್ಯಂಜನಗಳ ಭೇದವಾಗಿ ಉಳಿಸಿಕೊಂಡಿದ್ದಾನೆ. ಭಾಷಾಶಾಸ್ತ್ರದಲ್ಲಿ ಇದಕ್ಕಿಂತ ಸೊಗಸಾದ ನಿರೂಪಣೆಗಳು ಹೆಚ್ಚಿಲ್ಲ.

‘ಆರ್’ ರೂಪದ ಹುಟ್ಟು ವಿವಾದಗ್ರಸ್ತ. ಅದು ಅಸ್ ಧಾತುವಿನದೇ ವಿಕಾರವೆಂದು ಕೆಲವರೂ, ಚಲನಾರ್ಥದ ಬೇರೊಂದು ಧಾತುವಿನದೆಂದು ಕೆಲವರೂ ವಾದಿಸುವರು. ನಿಶ್ಚಯವಾಗಿ ಹೇಳಬಹುದಾದುದು ಇಷ್ಟು: ಉತ್ತರದ ಆ್ಯಂಗ್ಲಿಯನ್ ಪ್ರಾಂತ್ಯಗಳಲ್ಲಿ ‘ಅರನ್’ ಎಂದಿದ್ದ ಈ ರೂಪ, ಅಲ್ಲಿ ನೆಲೆಸಿದ್ದ ಸ್ಕ್ಯಾಂಡಿನೇವಿಯದವರ ‘ಎರು’ ಎಂಬುದರ ಬೆಂಬಲದಿಂದ ಬಲಗೊಂಡು, ಮಧ್ಯಯುಗದಲ್ಲಿ ಮೆಲ್ಲಮೆಲ್ಲನೆ ದಕ್ಷಿಣಕ್ಕೆ ಹಬ್ಬಿ, ಅಲ್ಲಿದ್ದ ‘ಬೆನ್’, ‘ಬೆಥ್’ ಎಂಬ ಬಹುವಚನಗಳನ್ನು ಹೊರದೂಡಿತು. ಅಧಿಕಾರದಲ್ಲಿರುವವರನ್ನು ಕುರಿತು ‘ದ ಪವರ್ಸ್ ದ್ಯಾಟ್ ಬೀ’ ಎಂದು ಹೇಳುವ ನುಡಿಗಟ್ಟಿನಲ್ಲಿ ಆ ಹಳೆಯ ಬಹುವಚನ ಇಂದಿಗೂ ಕೇಳಿಬರುವುದು.

ಪ್ರಾಚೀನ ಇಂಗ್ಲಿಷಿನ ವೈಚಿತ್ರ್ಯವೇನೆಂದರೆ ಅದರಲ್ಲಿ ಈ ಕ್ರಿಯೆಗೆ ಒಂದಲ್ಲ, ಎರಡು ವರ್ತಮಾನಕಾಲಗಳಿದ್ದುವು. ಈಗ ಹೀಗಿದೆ ಎನ್ನುವಲ್ಲಿ ‘ಎಓಮ್’, ‘ಇಸ್’ ಮೊದಲಾದುವು; ಯಾವಾಗಲೂ ಹೀಗೆಯೇ ಇರುವುದು, ಅಥವಾ ಮುಂದೆ ಹೀಗಾಗುವುದು ಎನ್ನುವಲ್ಲಿ ಭೂ ಧಾತುವಿನ ‘ಬೇಓ’, ‘ಬಿಸ್ಟ್’, ‘ಬಿಥ್’. ಇಂದು ಚಳಿಯಿದೆ ಎಂಬುದಕ್ಕೆ ಒಂದು, ಹೇಮಂತದಲ್ಲಿ ಚಳಿಯಿರುವುದು ಎಂಬುದಕ್ಕೆ ಇನ್ನೊಂದು. ನಿತ್ಯಸತ್ಯಗಳನ್ನು ಸಾರುವ ಗಾದೆಗಳಲ್ಲಿ ಎರಡನೆಯದೇ ಪ್ರಧಾನ. ಈ ವಿವೇಚನೆಯನ್ನು ಭಾಷೆ ಕಳೆದುಕೊಂಡುದು ಲಾಭವೋ ನಷ್ಟವೋ ಎಂದರೆ, ಈ ಲೇಖಕನ ದೃಷ್ಟಿಯಲ್ಲಿ ನಷ್ಟವೇ. ಸ್ಪ್ಯಾನಿಷ್ ಭಾಷೆ ಸ್ವಭಾವಕ್ಕೆ ‘ಸೆರ್’ ಎಂದೂ ಸ್ಥಿತಿಗೆ ‘ಎಸ್ತಾರ್’ ಎಂದೂ ಎರಡು ಕ್ರಿಯಾಪದಗಳನ್ನು ಇಟ್ಟುಕೊಂಡು ಇಂಥ ಸೂಕ್ಷ್ಮವನ್ನು ಇಂದಿಗೂ ಕಾಪಾಡಿಕೊಂಡಿರುವುದು.

ಬೇರೆ ಬೇರೆ ಧಾತುಗಳು ಒಂದರ ಕೊರತೆಯನ್ನು ಇನ್ನೊಂದು ತುಂಬಿಕೊಟ್ಟು ಒಂದೇ ಕ್ರಿಯಾಪದವಾಗುವುದನ್ನು ನಮ್ಮ ವೈಯಾಕರಣರು ಬಹು ಹಿಂದೆಯೇ ಗುರುತಿಸಿದ್ದರು. ಅಷ್ಟಾಧ್ಯಾಯಿಯ ಎರಡನೆಯ ಅಧ್ಯಾಯದ ನಾಲ್ಕನೆಯ ಪಾದದಲ್ಲಿ ಪಾಣಿನಿ, ಆರ್ಧಧಾತುಕ ಪ್ರತ್ಯಯಗಳು ಬರುವಲ್ಲಿ ಅಸ್ ಧಾತುವಿಗೆ ಭೂ ಎಂಬುದನ್ನು ಆದೇಶವಾಗಿ ವಿಧಿಸುತ್ತಾನೆ. ಅದರಿಂದಲೇ ‘ಅಸ್ತಿ’ಗೆ ಭವಿಷ್ಯತ್ತು ‘ಭವಿಷ್ಯತಿ’, ತುಮುನ್ನಂತ ‘ಭವಿತುಮ್’. ಇಂಗ್ಲಿಷಿನಲ್ಲಿ ‘ಇಸ್’ ಎಂಬುದಕ್ಕೆ ಭಾವರೂಪ ‘ಟು ಬೀ’ ಎಂದೇಕಾಗುವುದೆಂದು ಕೇಳುವವನಿಗೆ ಪಾಣಿನಿಯ ಸೂತ್ರವನ್ನೇ ಉತ್ತರವಾಗಿ ಕೊಡಬಹುದು. ಪಾಣಿನೀಯ ಧಾತುಪಾಠದ ಮೊಟ್ಟಮೊದಲ ಧಾತುವೂ ಸತ್ತಾರ್ಥದ ಭೂ ಎಂಬುದೇ. ಯಾಸ್ಕನ ನಿರುಕ್ತದಲ್ಲಿ ವಾರ್ಷ್ಯಾಯಣಿಯ ಮತವೆಂದು ಉಕ್ತವಾದ ಆರು ಭಾವವಿಕಾರಗಳಲ್ಲಿ, ಹುಟ್ಟುವುದು ಮೊದಲನೆಯದಾಗಿಯೂ ಇರುವುದು ಎರಡನೆಯದಾಗಿಯೂ ಪರಿಗಣಿತವಾಗಿ, ಆಗುವುದಕ್ಕೂ ಇರುವುದಕ್ಕೂ ನಡುವಣ ಗೆರೆ ಸ್ಪಷ್ಟವಾಗಿರುವುದು.

ಇನ್ನು ಅರ್ಥವಿಸ್ತಾರ. ಮೂಲದಲ್ಲಿ ಇರುವುದು, ಬೆಳೆಯುವುದು, ತಂಗುವುದು ಎಂಬ ಮೂರು ಘನವಾದ ಅರ್ಥಗಳಿದ್ದುವಷ್ಟೆ. ಅವು ಸೇರಿ ಒಂದಾದಂತೆಲ್ಲ ಒಂದೊಂದರ ತಿರುಳೂ ತೆಳುವಾಗುತ್ತ ಬಂದು, ಕೊನೆಗೆ ಸ್ವಂತ ಅರ್ಥವೆಂಬುದು ಬಹುಮಟ್ಟಿಗೆ ಇಲ್ಲದಂತಾಯಿತು. ಈ ಶೂನ್ಯತೆಯೇ ಇದರ ಬಲ. ತನ್ನದೆಂಬ ಹೊರೆಯಿಲ್ಲದುದರಿಂದಲೇ ಯಾವ ಹೊರೆಯನ್ನಾದರೂ ಹೊರಬಲ್ಲುದಾಯಿತು. ಶುದ್ಧ ಅಸ್ತಿತ್ವವನ್ನು ಹೇಳುವ ಪ್ರಯೋಗ ಇಂದು ದರ್ಶನಗ್ರಂಥಗಳಲ್ಲಿಯೂ ಪ್ರಾರ್ಥನೆಗಳಲ್ಲಿಯೂ ಅಲ್ಲದೆ ವಿರಳ. ಷೇಕ್ಸ್‌ಪಿಯರನ ಹ್ಯಾಮ್ಲೆಟ್ ಬಾಳುವುದೋ ಬಾಳದಿರುವುದೋ ಎಂದು ತನ್ನೊಳಗೆ ತರ್ಕಿಸುವ ಸುಪ್ರಸಿದ್ಧ ಸ್ವಗತ ಈ ಅರ್ಥವನ್ನೇ ನೆಮ್ಮಿ ಆರಂಭವಾಗುವುದು. ದಿನಬಳಕೆಯಲ್ಲಿ ಅಸ್ತಿತ್ವವನ್ನು ಹೇಳಬೇಕಾದರೆ ‘ದೇರ್’ ಎಂಬ ಅರ್ಥರಹಿತ ಶಬ್ದವೊಂದನ್ನು ಮುಂದಿಟ್ಟು ‘ದೇರ್ ಇಸ್’ ಎನ್ನಬೇಕಾಗಿ ಬಂದಿದೆ. ಮೇಜಿನ ಮೇಲೆ ಪುಸ್ತಕವಿದೆ, ಪುಸ್ತಕ ಮೇಜಿನ ಮೇಲಿದೆ ಎಂದು ಬರಿಯ ಪದಕ್ರಮದಿಂದ ನಾವು ಸಾಧಿಸುವ ಭೇದಕ್ಕೆ ಅವರಿಗೆ ಈ ಊರುಗೋಲು ಬೇಕು. ಉಳಿದ ಅರ್ಥಗಳನ್ನು ಸಂಗ್ರಹವಾಗಿ ಹೇಳುವುದಾದರೆ, ಬೆಲೆ ಕೇಳುವಲ್ಲಿಯೂ, ವಯಸ್ಸು ಹೇಳುವಲ್ಲಿಯೂ, ಸಭೆ ನಾಳೆ ನಡೆಯುವುದೆನ್ನುವಲ್ಲಿಯೂ, ‘ಹೀ ಇಸ್ ಟು ಗೋ’ ಎಂದು ಕರ್ತವ್ಯವನ್ನೋ ಪೂರ್ವನಿಶ್ಚಯವನ್ನೋ ಸೂಚಿಸುವಲ್ಲಿಯೂ ಈ ಕ್ರಿಯಾಪದವೇ. ‘ಬೀನ್’ ಎಂಬ ಕೃದಂತವಂತೂ ಹೋಗುವ ಕ್ರಿಯೆಯನ್ನೇ ಆಕ್ರಮಿಸಿದೆ: ಮೈಸೂರಿಗೆ ಹೋಗಿ ಬಂದವನು ‘ಐ ಹ್ಯಾವ್ ಬೀನ್ ಟು ಮೈಸೂರ್’ ಎನ್ನುವನು, ಹೋಗಿ ಅಲ್ಲಿಯೇ ಇರುವವನ ವಿಷಯದಲ್ಲಿ ‘ಗಾನ್’ ಎನ್ನಬೇಕು. ಕೀರ್ತಿಯ ದಿನಗಳು ಮುಗಿದವನನ್ನು ‘ಹ್ಯಾಸ್‌ಬೀನ್’ ಎಂದು ನಾಮಪದವನ್ನಾಗಿ ಮಾಡಿ ಹಳಿಯುವುದೂ ಉಂಟು.

ಸಹಾಯಕ್ರಿಯೆಯಾಗಿ ಇದರ ಇತಿಹಾಸ ಇನ್ನಷ್ಟು ಸ್ವಾರಸ್ಯವುಳ್ಳದು. ಕರ್ಮಣಿ ಪ್ರಯೋಗಕ್ಕೆ ಪ್ರಾಚೀನ ಇಂಗ್ಲಿಷಿನಲ್ಲಿ ಇದಕ್ಕೊಂದು ಪ್ರತಿಸ್ಪರ್ಧಿಯಿದ್ದಿತು: ಸಂಸ್ಕೃತದ ‘ವೃತ್’ ಧಾತುವಿನ, ಎಂದರೆ ನಾವು ‘ವರ್ತಿಸು’ ಎನ್ನುವುದರ, ಸಜಾತೀಯವಾದ ‘ವೆಓರ್ಥನ್’. ಜರ್ಮನಿನ ‘ವೆರ್ಡನ್’ ಅದೇ. ಬಾಗಿಲು ಮುಚ್ಚಿದ ಸ್ಥಿತಿಯಲ್ಲಿದ್ದಿತು ಎಂಬುದಕ್ಕೆ ಒಂದನ್ನೂ, ಬಾಗಿಲನ್ನು ಯಾರೋ ಮುಚ್ಚಿದರು ಎಂಬುದಕ್ಕೆ ಮತ್ತೊಂದನ್ನೂ ಜರ್ಮನರು ಬಳಸುವರು. ಇಂಗ್ಲಿಷಿನಲ್ಲಿ ‘ವೆಓರ್ಥನ್’ ಮಧ್ಯಯುಗದಲ್ಲಿ ಅಳಿದುಹೋದುದರಿಂದ ‘ದ ಡೋರ್ ವಾಸ್ ಶಟ್’ ಎಂಬ ವಾಕ್ಯ ಎರಡರ್ಥಕ್ಕೂ ಸಲ್ಲುವ ಸಂದಿಗ್ಧವಾಗಿ ಉಳಿಯಿತು. ಇದಕ್ಕೆ ವಿರುದ್ಧವಾಗಿ, ಬರುವುದು ಹೋಗುವುದು ಮೊದಲಾದ ಗಮನಾರ್ಥಕ ಕ್ರಿಯೆಗಳ ಪೂರ್ಣಭೂತದಲ್ಲಿ ಹಿಂದೆ ಇದಕ್ಕಿದ್ದ ಸ್ಥಾನ ‘ಹ್ಯಾವ್’ ಎಂಬುದರ ಪಾಲಾಯಿತು. ‘ಹೀ ಇಸ್ ಕಮ್’ ಎನ್ನುತ್ತಿದ್ದವರು ‘ಹೀ ಹ್ಯಾಸ್ ಕಮ್’ ಎನ್ನತೊಡಗಿದರು. ಪ್ರವರ್ತಮಾನ ಕ್ರಿಯೆಯನ್ನು ಹೇಳುವ ‘ಇಸ್ ರೀಡಿಂಗ್’ ಎಂಬ ರಚನೆ ನಮ್ಮ ‘ಓದುತ್ತ ಇದ್ದಾನೆ’ ಎಂಬುದಕ್ಕೆ ಅಕ್ಷರಶಃ ಸಮಾನವಾದುದು. ಆದರೆ ತಿಳಿದಿರುವುದು, ಪಡೆದಿರುವುದು ಮೊದಲಾದ ಸ್ಥಿತಿವಾಚಕಗಳಿಗೆ ಇಂಗ್ಲಿಷರು ಅದನ್ನು ಹಚ್ಚುವುದಿಲ್ಲ. ನಮ್ಮವರು ‘ಐ ಆ್ಯಮ್ ನೋಯಿಂಗ್’, ‘ಹೀ ಇಸ್ ಹ್ಯಾವಿಂಗ್ ಟೂ ಹೌಸಸ್’ ಎಂದು ಆಡುವುದನ್ನು ಕೇಳಿ ನಗುವರು. ಕಟ್ಟಡ ಕಟ್ಟಲ್ಪಡುತ್ತಿದೆ ಎಂಬರ್ಥದ ‘ಇಸ್ ಬೀಯಿಂಗ್ ಬಿಲ್ಟ್’ ಎಂಬುದು ಹದಿನೆಂಟನೆಯ ಶತಮಾನದ ಉತ್ತರಾರ್ಧಕ್ಕೆ ಹಿಂದೆ ಕಾಣದ ಹೊಸ ಸೃಷ್ಟಿ. ಅದಕ್ಕೆ ಮುನ್ನ ‘ದ ಹೌಸ್ ಇಸ್ ಬಿಲ್ಡಿಂಗ್’ ಎಂದೇ ಶಿಷ್ಟರು ಬರೆಯುತ್ತಿದ್ದರು. ಅಮೆರಿಕದ ರಿಚರ್ಡ್ ಗ್ರಾಂಟ್ ವೈಟ್ 1870ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ಕಟುವಾಗಿ ಖಂಡಿಸಿದನು. ಖಂಡನೆಯನ್ನು ಇಂದು ಓದುವವರಿಲ್ಲ. ಪ್ರಯೋಗ ಮಾತ್ರ ಎಲ್ಲರ ಬಾಯಲ್ಲಿದೆ.

ಕನ್ನಡ ಈ ವಿಷಯದಲ್ಲಿ ಬೇರೆ ಜಾಡಿನಲ್ಲಿ ನಡೆದ ಭಾಷೆ. ‘ಅವರು ನಮ್ಮ ಮೇಷ್ಟ್ರು’ ಎಂಬ ವಾಕ್ಯಕ್ಕೆ ಕ್ರಿಯಾಪದವೇ ಬೇಡ. ಇರುವಿಕೆಗೆ ‘ಇರು’, ಪರಿಣಾಮಕ್ಕೆ ‘ಆಗು’ ಎಂದು ಎರಡು ಧಾತುಗಳು ಬೇರೆ ಬೇರೆಯಾಗಿ ನಿಂತಿವೆ. ನಿಷೇಧದಲ್ಲಿಯಂತೂ ನಮ್ಮ ನುಡಿಯ ವಿವೇಚನೆ ಪ್ರಶಂಸಾರ್ಹವಾದುದು: ‘ಅವರು ವೈದ್ಯರಲ್ಲ’, ‘ಅವರು ಮನೆಯಲ್ಲಿಲ್ಲ’ ಎಂಬ ಎರಡು ವಾಕ್ಯಗಳಲ್ಲಿ ನಾವು ‘ಅಲ್ಲ’, ‘ಇಲ್ಲ’ ಎಂದು ಎಂದಿಗೂ ತಪ್ಪದೆ ಬೇರ್ಪಡಿಸುವುದನ್ನು ಇಂಗ್ಲಿಷು ‘ಇಸ್ ನಾಟ್’ ಎಂಬ ಒಂದರಿಂದಲೇ ಹೇಳಿ ಮುಗಿಸುವುದು. ಹೀಗಿದ್ದೂ ಇಂಗ್ಲಿಷ್ ವಾಕ್ಯದ ‘ಇಸ್’ ಎಂಬುದಕ್ಕೆ ಪ್ರತಿಯಾಗಿ ಏನನ್ನಾದರೂ ಇಡಲೇಬೇಕೆಂಬ ಭ್ರಮೆಯಿಂದ ‘ಅವರು ಒಬ್ಬ ಶಿಕ್ಷಕರಾಗಿದ್ದಾರೆ’, ‘ಬೆಂಗಳೂರು ರಾಜಧಾನಿಯಾಗಿದೆ’ ಎಂದು ಬರೆಯುವ ಚಾಳಿ ನಮ್ಮ ಪಠ್ಯಪುಸ್ತಕಗಳಿಗೂ ಪತ್ರಿಕೆಗಳಿಗೂ ಅಂಟಿಕೊಂಡಿರುವುದು ಶೋಚನೀಯ.

ಒಂದೇ ಶಬ್ದಕ್ಕೆ ಇಷ್ಟು ಕೆಲಸಗಳನ್ನು ವಹಿಸಿದುದರ ಪರಿಣಾಮವನ್ನು ಅನುಭವಿಸಿದವರು ತಾರ್ಕಿಕರು. 1660ರಲ್ಲಿ ಫ್ರಾನ್ಸಿನಲ್ಲಿ ಪ್ರಕಟವಾದ ಪೋರ್ ರೊಯಾಲ್ ವ್ಯಾಕರಣದ ಕರ್ತೃಗಳಾದ ಆರ್ನೋ ಮತ್ತು ಲಾಂಸ್ಲೊ, ಸತ್ತಾರ್ಥಕವೊಂದೇ ನಿಜವಾದ ಕ್ರಿಯಾಪದವೆಂದೂ, ‘ಪೀಟರ್ ಬದುಕುತ್ತಾನೆ’ ಎಂಬುದನ್ನು ‘ಪೀಟರ್ ಬದುಕುವವನಾಗಿದ್ದಾನೆ’ ಎಂದೇ ಬಿಡಿಸಬೇಕೆಂದೂ ಸಾಧಿಸಿದರು. ಈ ಮತದ ಛಾಯೆ 1816ರಲ್ಲಿ ಫ್ರಾಂಟ್ಸ್ ಬಾಪ್ ಸಂಸ್ಕೃತದ ತಿಙಂತಪ್ರಕ್ರಿಯೆಯನ್ನು ಗ್ರೀಕ್, ಲ್ಯಾಟಿನ್, ಪರ್ಷಿಯನ್, ಜರ್ಮ್ಯಾನಿಕ್ ಭಾಷೆಗಳದರೊಡನೆ ಹೋಲಿಸಿ ರಚಿಸಿದ ಗ್ರಂಥದವರೆಗೂ ಚಾಚಿತ್ತು. ಇತರ ಕ್ರಿಯಾಪದಗಳ ಪ್ರತ್ಯಯಗಳಲ್ಲಿ ಸಕಾರ ಕಂಡೆಡೆಯಲ್ಲೆಲ್ಲ ಅವನಿಗೆ ಅಸ್ ಧಾತು ಅಡಗಿರುವಂತೆ ತೋರಿತು. ತುಲನಾತ್ಮಕ ವ್ಯಾಕರಣಕ್ಕೆ ಅಸ್ತಿಭಾರ ಹಾಕಿದ ಗ್ರಂಥವೊಂದು ಇಂಥ ತಪ್ಪು ಊಹೆಯನ್ನೂ ಹೊತ್ತು ನಿಂತಿತೆಂಬುದು ಗಮನಾರ್ಹ. 1843ರ ತನ್ನ ತರ್ಕಶಾಸ್ತ್ರದಲ್ಲಿ ಜಾನ್ ಸ್ಟೂಅರ್ಟ್ ಮಿಲ್, ಸಂಯೋಜಕವಾದ ‘ಇಸ್’ ಎಂಬುದನ್ನು ಅಸ್ತಿತ್ವಸೂಚಕವೆಂದು ಭ್ರಮಿಸಿದುದರಿಂದ ಎಷ್ಟು ನಿರರ್ಥಕ ತತ್ತ್ವಚರ್ಚೆ ಬೆಳೆಯಿತೆಂಬುದನ್ನು ವಿವರಿಸಿದನು: ಅಶ್ವದೇಹದ ಮಾನವನಾದ ಸೆಂಟಾರ್ ಕವಿಕಲ್ಪನೆ ಎಂದರೆ ಸೆಂಟಾರ್ ಉಂಟೆಂದು ಹೇಳಿದಂತಾಗದಷ್ಟೆ. ಬರ್ಟ್ರಂಡ್ ರಸೆಲ್ 1919ರಲ್ಲಿ, ಗುಣಾರೋಪಕ್ಕೂ ತಾದಾತ್ಮ್ಯಕ್ಕೂ ಒಂದೇ ಶಬ್ದವನ್ನು ಬಳಸುವುದು ಮನುಕುಲಕ್ಕೇ ಅಪಮಾನಕರವೆಂದು ರೇಗಿದನು. ಮಿಲ್ಲನ ತೊಡಕನ್ನು ನಮ್ಮ ‘ಅಲ್ಲ’, ‘ಇಲ್ಲ’ಗಳು ಬಿಡಿಸಬಲ್ಲುವು, ರಸೆಲನದನ್ನು ಬಿಡಿಸಲು ಕನ್ನಡಕ್ಕೂ ಸಾಧ್ಯವಿಲ್ಲ. ಈ ಕ್ರಿಯಾಪದವನ್ನೇ ಸಂಪೂರ್ಣವಾಗಿ ವರ್ಜಿಸಿ ಬರೆಯಬೇಕೆಂದು ‘ಇ-ಪ್ರೈಮ್’ ಎಂಬ ಇಂಗ್ಲಿಷಿನ ಪ್ರಭೇದವನ್ನು 1965ರಲ್ಲಿ ಡೇವಿಡ್ ಬೋರ್ಲೆಂಡ್ ಎಂಬಾತನು ಸೂಚಿಸಿದನು, ಅನುಸರಿಸಿದವರು ಕೆಲವರೇ. 1998ರಲ್ಲಿ ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್ ಸಾಕ್ಷ್ಯ ನುಡಿಯುತ್ತ, ತನ್ನ ಉತ್ತರ ‘ಇಸ್’ ಎಂಬುದರ ಅರ್ಥವೇನೆಂಬುದನ್ನು ಅವಲಂಬಿಸಿದೆಯೆಂದಾಗ ಜಗತ್ತು ನಕ್ಕಿತು. ವ್ಯಾಕರಣದೃಷ್ಟಿಯಿಂದ ಆ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಪ್ರಮಾಣಭಾಷೆಯ ಹೊರಗೆ ಈ ಕ್ರಿಯಾಪದದ ಬಾಳು ಇನ್ನೂ ಸ್ವತಂತ್ರವಾದುದು. ಹದಿನೆಂಟನೆಯ ಶತಮಾನದಲ್ಲಿ ಒಬ್ಬನನ್ನೇ ಉದ್ದೇಶಿಸಿ ಮಾತನಾಡುವಾಗ ‘ಯೂ ವಾಸ್’ ಎನ್ನುವುದು ವಿದ್ಯಾವಂತರಲ್ಲಿಯೂ ರೂಢಿಯಲ್ಲಿದ್ದಿತು. 1762ರ ತನ್ನ ವ್ಯಾಕರಣದಲ್ಲಿ ರಾಬರ್ಟ್ ಲೌತ್ ಅದನ್ನು ಅಪಶಬ್ದವೆಂದು ಸಾರಿದ ಮೇಲೆ ಅದು ಗ್ರಾಮ್ಯದ ಪಂಕ್ತಿಗೆ ಇಳಿಯಿತು. ‘ಆ್ಯಮ್ ನಾಟ್’ ಮೊದಲಾದುವುಗಳ ಸಂಕ್ಷೇಪವಾಗಿ ಹುಟ್ಟಿದ ‘ಏಂಟ್’ ಎಂಬುದಕ್ಕೂ ಅದೇ ಗತಿಯಾಯಿತು. ಅದನ್ನು ಬಹಿಷ್ಕರಿಸಿದ ಶಿಷ್ಟರು ಉತ್ತಮಪುರುಷ ಪ್ರಶ್ನೆಗೆ ರೂಪವೇ ಇಲ್ಲದೆ ‘ಆರ್ಂಟ್ ಐ’ ಎಂಬ ಅಸಂಬದ್ಧಕ್ಕೆ ಶರಣಾದರು. ಅಮೆರಿಕದ ಆಫ್ರಿಕಮೂಲದ ಜನರ ಆಡುನುಡಿಯಲ್ಲಿ ಸಂಯೋಜಕವನ್ನು ಬಿಟ್ಟು ‘ಹೀ ಟಯರ್ಡ್’ ಎನ್ನುವುದನ್ನು ಅಜ್ಞಾನವೆಂದು ಶಾಲೆಗಳು ಬಹುಕಾಲ ಹಳಿದುವು. 1969ರಲ್ಲಿ ವಿಲಿಯಂ ಲಬೋವ್ ಪ್ರಕಟಿಸಿದ ಪ್ರಬಂಧ, ಪ್ರಮಾಣ ಇಂಗ್ಲಿಷಿನಲ್ಲಿ ಈ ಪದವನ್ನು ಎಲ್ಲಿ ಮೊಟಕುಗೊಳಿಸಬಹುದೋ ಅಲ್ಲಿ ಮಾತ್ರವೇ ಆ ನುಡಿಯಲ್ಲಿ ಅದನ್ನು ಲೋಪಿಸಬಹುದೆಂದೂ, ಮೊಟಕುಗೊಳಿಸಲಾಗದೆಡೆ ಲೋಪವೂ ಸಲ್ಲದೆಂದೂ ತೋರಿಸಿ, ಲೋಪದ ಹಿಂದಿನ ನಿಯಮವನ್ನು ಸ್ಥಾಪಿಸಿತು. ಅದೇ ನುಡಿಯಲ್ಲಿ ‘ಹೀ ಬೀ ವರ್ಕಿಂಗ್’ ಎಂದರೆ ಅವನು ಈಗ ದುಡಿಯುತ್ತಿದ್ದಾನೆ ಎಂದಲ್ಲ, ಸಾಮಾನ್ಯವಾಗಿ ದುಡಿಯುತ್ತಿರುವನು ಎಂದರ್ಥ. ಪ್ರಾಚೀನ ಇಂಗ್ಲಿಷಿನ ‘ಬಿಥ್’ ಹೇಳುತ್ತಿದ್ದ ನಿತ್ಯತೆಯನ್ನು, ಅದರಿಂದ ನೇರವಾಗಿ ಇಳಿದುಬರದಿದ್ದರೂ, ಈ ‘ಬೀ’ ಮತ್ತೆ ಹೇಳತೊಡಗಿದೆ; ಐರ್ಲೆಂಡಿನ ಇಂಗ್ಲಿಷಿನಲ್ಲಿ ಅದೇ ಅರ್ಥಕ್ಕೆ ‘ಡಸ್ ಬೀ’ ಎಂಬುದು ಬಳಕೆಯಲ್ಲಿರುವುದು.